ಮಾಂಗಾದ ಗಟ್ಟಿಗಿತ್ತಿಯರು: ಬಲ ಬಂತು, ಮೈ ಯಾಕೆ ಬದಲಾಗಲಿಲ್ಲ?

2025ರ ಸೆಪ್ಟೆಂಬರ್‌ನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಸಿನಿಮಾ ಭಾರತದ ಚಿತ್ರಮಂದಿರಗಳಿಗೆ ಬಂತು. ಮನೆಯಲ್ಲಿ ಹದಿಹರೆಯದ ಮಕ್ಕಳಿರುವವರಿಗೆ ಈ ಹೆಸರು ಹೊಸದೇನಲ್ಲ. ಜೊತೆಯಲ್ಲಿ ಹೋಗಿ ಕೂತ ಹಿರಿಯರಿಗೆ ಮಾತ್ರ ತಲೆಬುಡ ಗೊತ್ತಾಗಿರಲಿಕ್ಕಿಲ್ಲ. ಚಿಟ್ಟೆ ರೆಕ್ಕೆಯಂಥ ಮೇಲಂಗಿ ತೊಟ್ಟ ಪುಟ್ಟ ಹುಡುಗಿ ದೊಡ್ಡ ರಾಕ್ಷಸನ ಮೇಲೆ ಎರಗುತ್ತಾಳೆ. ಇಷ್ಟು ಸಣ್ಣ ಮೈಯಲ್ಲಿ ಅಷ್ಟು ಕಸುವು ಎಲ್ಲಿಂದ ಬಂತು ಅಂತ ಒಬ್ಬರು ಕೇಳುತ್ತಾರೆ. ಹೋರಾಡೋ ಹುಡುಗಿಗೆ ಬಟ್ಟೆ ಯಾಕೆ ಹಾಗೆ ಅಂತ ಇನ್ನೊಬ್ಬರು. ಎರಡೂ ಒಳ್ಳೆಯ ಪ್ರಶ್ನೆಗಳೇ. ಜಪಾನಿನಲ್ಲೂ ಹೊರಗೂ ಓದುಗರು ಇವನ್ನು ವರ್ಷಗಳಿಂದ ಕೇಳಿಕೊಂಡು ಬಂದಿದ್ದಾರೆ. ಉತ್ತರ ಹುಡುಕಲು ಸ್ವಲ್ಪ ಹಿನ್ನೆಲೆ ಬೇಕು.

ಮೊದಲು ನಾಲ್ಕು ಹೆಸರು ತಿಳಿದಿರಲಿ

ಮಾಂಗಾ ಅಂದರೆ ಜಪಾನಿನ ಕಾಮಿಕ್ಸ್. ಬಲದಿಂದ ಎಡಕ್ಕೆ ಓದಬೇಕು. ಬಹುಪಾಲು ಕಪ್ಪು ಬಿಳುಪು. ಕಥೆ ಮೊದಲು ಪತ್ರಿಕೆಯಲ್ಲಿ ಕಂತು ಕಂತಾಗಿ ಬರುತ್ತದೆ, ಆಮೇಲೆ ಸಂಪುಟಗಳಾಗುತ್ತದೆ. ಅದನ್ನೇ ಪರದೆ ಮೇಲೆ ಓಡಿಸಿದರೆ ಅನಿಮೆ.

ಈ ಪತ್ರಿಕೆಗಳು ಓದುಗರನ್ನು ನೋಡಿಕೊಂಡು ಬೇರೆ ಬೇರೆಯಾಗಿವೆ. ಹುಡುಗರಿಗೆ ಶೋನೆನ್, ಹುಡುಗಿಯರಿಗೆ ಶೋಜೊ. ವಯಸ್ಸಿಗೆ ಬಂದ ಗಂಡಸರಿಗೆ ಸೇನೆನ್, ಹೆಂಗಸರಿಗೆ ಜೋಸೆ. ಹಾಗಂತ ಇದೇನು ಬೇಲಿ ಅಲ್ಲ. ಶೋನೆನ್ ಓದುವ ಹುಡುಗಿಯರು ಬೇಕಾದಷ್ಟಿದ್ದಾರೆ. ಆದರೆ ಸಂಪಾದಕರು ಕಥೆ ಆರಿಸುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಓದುಗ ಯಾರು ಅನ್ನುವುದು ಇಲ್ಲಿ ನಿರ್ಧಾರವಾಗುತ್ತದೆ. ಹೆಣ್ಣಿನ ಬಲವನ್ನು ಯಾರ ಕಣ್ಣಿಗೆ ತಕ್ಕಂತೆ ಬರೆಯುತ್ತಾರೆ ಅನ್ನುವುದೂ ಅಲ್ಲಿಂದಲೇ ಶುರು.

ಇನ್ನೊಂದು ಪದ ಫ್ಯಾನ್ ಸರ್ವಿಸ್. ಕಥೆಗೆ ಬೇಕಿಲ್ಲದಿದ್ದರೂ ಓದುಗನ ಕಣ್ಣಿಗೆ ಹಬ್ಬ ಆಗಲಿ ಅಂತ ಹಾಕುವ ಚಿತ್ರ. ಹೆಚ್ಚಾಗಿ ಅದು ಹೆಣ್ಣಿನ ಮೈ. ಇನ್ನು ಸ್ತ್ರೀವಾದ. ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಒಬ್ಬಳ ದಾರಿ, ಕೂಲಿ, ಮಾತು ಕಡಿಮೆಯಾಗಬಾರದು ಅನ್ನುವ ವಿಚಾರ. ಅದರೊಳಗೇ ಹಲವು ಪಂಗಡಗಳಿವೆ. ಗಟ್ಟಿಗಿತ್ತಿಯ ಚಿತ್ರ ಕಂಡಾಗ ಅವು ಒಂದೇ ಮಾತು ಆಡುವುದಿಲ್ಲ.

ಕನ್ರೋಜಿ ಮತ್ತು ಕೊಚೊ

‘ಡೀಮನ್ ಸ್ಲೇಯರ್’ ಮಾಂಗಾ 2016ರಿಂದ 2020ರವರೆಗೆ ‘ವೀಕ್ಲಿ ಶೋನೆನ್ ಜಂಪ್’ನಲ್ಲಿ ಬಂತು. ಒಟ್ಟು 23 ಸಂಪುಟ. ಕಥೆ ನಡೆಯುವುದು ಜಪಾನಿನ ತೈಶೋ ಕಾಲದಲ್ಲಿ, ಅಂದರೆ 1912ರಿಂದ 1926ರ ನಡುವೆ. ರಾಕ್ಷಸರನ್ನು ಕೊಲ್ಲುವ ಪಡೆಯ ಮುಂಚೂಣಿಯಲ್ಲಿ ಒಂಬತ್ತು ಜನ. ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು: ಮಿತ್ಸುರಿ ಕನ್ರೋಜಿ, ಶಿನೊಬು ಕೊಚೊ. ನಮ್ಮ ವಿಷಯದ ಎರಡೂ ಮಗ್ಗುಲು ಈ ಇಬ್ಬರಲ್ಲೇ ಸಿಗುತ್ತವೆ.

ಮಿತ್ಸುರಿ ಹುಟ್ಟಾ ಬಲಶಾಲಿ. ಅವಳ ಸ್ನಾಯುಗಳ ಸಾಂದ್ರತೆ ಮಾಮೂಲಿ ಮನುಷ್ಯರಿಗಿಂತ ಎಂಟು ಪಟ್ಟು ಜಾಸ್ತಿ ಅಂತ ಕಥೆ ಹೇಳುತ್ತದೆ. ಒಂದು ವರ್ಷ ದಾಟಿದ ಕೂಸಾಗಿದ್ದಾಗಲೇ, ಬಸುರಿ ಅಮ್ಮನಿಗೆ ಸಹಾಯ ಮಾಡಲು ಉಪ್ಪಿನಕಾಯಿ ಪೀಪಾಯಿಯ ಮೇಲೆ ಹೇರುವ ಸುಮಾರು 15 ಕೆ.ಜಿ. ಕಲ್ಲನ್ನು ಎತ್ತಿಬಿಡುತ್ತಾಳೆ. ಊಟ ಅಂತೂ ದಂಡಿಯಾಗಿ ಬೇಕು. ಹದಿನೇಳಕ್ಕೆ ಹೆಣ್ಣು ನೋಡುವ ಶಾಸ್ತ್ರ ಆಗುತ್ತದೆ. ಬಂದ ಗಂಡು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನೆ: ನಿನ್ನನ್ನು ಕರಡಿಯೋ ಹಂದಿಯೋ ಎತ್ತೋ ಮದುವೆ ಆಗಬೇಕಷ್ಟೇ. ಅವಳು ಗುಲಾಬಿ ಹಸಿರು ಬಣ್ಣದ ಕೂದಲಿಗೆ ಕಪ್ಪು ಹಚ್ಚುತ್ತಾಳೆ. ಹಸಿವಾದರೂ ಉಣ್ಣುವುದಿಲ್ಲ. ಕೈಲಾಗದವಳ ಹಾಗೆ ನಟಿಸುತ್ತಾಳೆ. ಆಗ ಅವಳನ್ನು ಒಪ್ಪುವ ಗಂಡು ಸಿಗುತ್ತಾನೆ.

ಹೆಣ್ಣು ನೋಡಲು ಬಂದವರ ಮುಂದೆ ಕಡಿಮೆ ಉಂಡು, ಮೆಲ್ಲಗೆ ನಡೆದು, ತಲೆ ತಗ್ಗಿಸಿ ಕೂತ ಕಥೆ ನಮ್ಮ ಮನೆಗಳಲ್ಲಿ ಯಾರಿಗೆ ಗೊತ್ತಿಲ್ಲ? ರಾಕ್ಷಸರ ಕಥೆಯೊಳಗಿನ ಈ ನಾಲ್ಕಾರು ಪುಟಗಳಷ್ಟು ನಿಜವಾದದ್ದು ಇಡೀ ಮಾಂಗಾದಲ್ಲಿ ಕಡಿಮೆ ಅಂತ ನನಗನ್ನಿಸುತ್ತದೆ. ಕೊನೆಗೆ ಮಿತ್ಸುರಿ ಆ ಸಂಬಂಧ ಬಿಟ್ಟು ಪಡೆ ಸೇರುತ್ತಾಳೆ. ಅಲ್ಲಿ ಅವಳ ಬಲಕ್ಕೆ ಬೆಲೆ ಇದೆ. ಆದರೆ ಸೇರಿದ್ದು ಯಾಕೆ ಅಂತ ಕೇಳಿದರೆ, ತನಗಿಂತ ಬಲಶಾಲಿಯಾದ ಗಂಡ ಸಿಗಲಿ ಅಂತ ಅನ್ನುತ್ತಾಳೆ! ಓದುಗರು ನಗಬೇಕೋ ಬೇಜಾರು ಮಾಡಿಕೊಳ್ಳಬೇಕೋ ತಿಳಿಯುವುದಿಲ್ಲ.

ಅವಳ ಸಮವಸ್ತ್ರ ಎದೆ ತೆರೆದಂತಿದೆ. ಸಂಪುಟದ ನಡುವಿನ ಪುಟಗಳಲ್ಲಿ ಇದಕ್ಕೊಂದು ಕಾರಣ ಬರುತ್ತದೆ. ಪಡೆಯ ದರ್ಜಿ ಬೇಕೆಂದೇ ಹಾಗೆ ಹೊಲಿದಿದ್ದಾನೆ. ಎಲ್ಲರಿಗೂ ಹೀಗೇ ಇರಬೇಕು ಅಂದುಕೊಂಡು ಮಿತ್ಸುರಿ ಹಾಕಿಕೊಳ್ಳುತ್ತಾಳೆ. ಶಿನೊಬು ಮಾತ್ರ ತನಗೆ ಕೊಟ್ಟ ಅಂಥದೇ ಬಟ್ಟೆಗೆ ಅವನ ಕಣ್ಣೆದುರೇ ಎಣ್ಣೆ ಸುರಿದು ಬೆಂಕಿ ಇಡುತ್ತಾಳೆ. ಅಂದರೆ ಕಥೆ ಫ್ಯಾನ್ ಸರ್ವಿಸ್ ಅನ್ನು ಗೇಲಿಯೂ ಮಾಡುತ್ತದೆ, ಆ ಬಟ್ಟೆಯನ್ನು ಮಿತ್ಸುರಿಗೆ ಕೊನೆತನಕ ಉಳಿಸಿಯೂ ಇಡುತ್ತದೆ. ಎರಡು ಕಡೆಯೂ ಕಾಲು.

ಶಿನೊಬು ಲೆಕ್ಕವೇ ಬೇರೆ. ಸಿನಿಮಾದಲ್ಲಿ ರಾಕ್ಷಸನ ಮೇಲೆ ಎರಗಿದ ಆ ಚಿಟ್ಟೆ ಮೇಲಂಗಿಯ ಹುಡುಗಿ ಇವಳೇ. ಎತ್ತರ 151 ಸೆಂ.ಮೀ., ತೂಕ 37 ಕೆ.ಜಿ. ರಾಕ್ಷಸ ಸಾಯಬೇಕಾದರೆ ಕತ್ತು ಕತ್ತರಿಸಬೇಕು. ಅದಕ್ಕೆ ಬೇಕಾದ ತೋಳ್ಬಲ ಅವಳಿಗಿಲ್ಲ. ಒಂಬತ್ತು ಜನರಲ್ಲಿ ಕತ್ತು ಕತ್ತರಿಸಲಾಗದವಳು ಅವಳೊಬ್ಬಳೇ. ಅದಕ್ಕೆ ಅವಳು ವಿಸ್ಟೀರಿಯಾ ಹೂವಿನಿಂದ ವಿಷ ತಯಾರಿಸುತ್ತಾಳೆ, ಬೀಸುವ ಕತ್ತಿ ಬಿಟ್ಟು ಚುಚ್ಚುವ ಕತ್ತಿ ಹಿಡಿಯುತ್ತಾಳೆ. ಸಿನಿಮಾದ ಆ ಹೋರಾಟದ ನಡುವೆ ಅವಳ ಮನಸ್ಸಿನ ಮಾತು ಕೇಳುತ್ತದೆ. ನನ್ನ ಕೈ ಯಾಕಿಷ್ಟು ಚಿಕ್ಕದು, ಇನ್ನು ಸ್ವಲ್ಪ ಎತ್ತರ ಇದ್ದಿದ್ದರೆ ಕತ್ತು ಕತ್ತರಿಸಬಹುದಿತ್ತಲ್ಲ ಅಂತ.

ನಿಜವಾದ ಮೈ ಏನನ್ನುತ್ತದೆ

ಸ್ನಾಯುವಿನ ಬಲ ಅದರ ದಪ್ಪದ ಮೇಲೆ ನಿಂತಿದೆ. ಅಷ್ಟೇ ದಪ್ಪದ ಸ್ನಾಯು ಹೆಣ್ಣಿನದಾದರೂ ಗಂಡಿನದಾದರೂ ಹೆಚ್ಚುಕಮ್ಮಿ ಅಷ್ಟೇ ಬಲ ಕೊಡುತ್ತದೆ. ವ್ಯತ್ಯಾಸ ಇರುವುದು ಸ್ನಾಯು ಎಷ್ಟಿದೆ ಅನ್ನುವುದರಲ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಹುಡುಗರ ಮೈಯಲ್ಲಿ ಟೆಸ್ಟೋಸ್ಟಿರಾನ್ ಏರುತ್ತದೆ, ಹೆಗಲು ತೋಳುಗಳಲ್ಲಿ ಸ್ನಾಯು ಕೂಡುತ್ತದೆ. ಹಾಗಾಗಿ ಸರಾಸರಿ ಹೆಣ್ಣಿನ ಸೊಂಟದಿಂದ ಮೇಲಿನ ಮೈಯ ಬಲ ಸರಾಸರಿ ಗಂಡಿನದರ ಸುಮಾರು 50ರಿಂದ 60 ಶೇಕಡಾ. ಕಾಲುಗಳಲ್ಲಿ ಅಂತರ ಇದಕ್ಕಿಂತ ಕಡಿಮೆ. ಓಟದಲ್ಲಿ ಜಗತ್ತಿನ ಅತ್ಯುತ್ತಮರನ್ನು ಹೋಲಿಸಿದರೆ ಅಂತರ ಸುಮಾರು 10ರಿಂದ 12 ಶೇಕಡಾ.

ಇದು ಸರಾಸರಿಯ ಮಾತು. ಸಾಧನೆ ಮಾಡಿದ ಹೆಣ್ಣು ಸಾಧನೆ ಮಾಡದ ಗಂಡಸಿಗಿಂತ ಎಷ್ಟೋ ಗಟ್ಟಿ. ಮೀರಾಬಾಯಿ ಚಾನು ಅವರನ್ನೇ ನೋಡಿ. ಟೋಕಿಯೊ ಒಲಿಂಪಿಕ್ಸ್‌ನ 49 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದಾಗ ಕ್ಲೀನ್ ಅಂಡ್ ಜರ್ಕ್‌ನಲ್ಲಿ, ಅಂದರೆ ಭಾರವನ್ನು ಮೊದಲು ಹೆಗಲಿಗೆ ಆಮೇಲೆ ತಲೆ ಮೇಲಕ್ಕೆ ಎತ್ತುವ ಬಗೆಯಲ್ಲಿ, 115 ಕೆ.ಜಿ. ಎತ್ತಿದ್ದರು. ತಮ್ಮ ತೂಕದ ಎರಡೂಕಾಲು ಪಟ್ಟಿಗಿಂತ ಜಾಸ್ತಿ. ಅದೇ ವರ್ಷ ತಾಷ್ಕೆಂಟ್‌ನಲ್ಲಿ 119 ಕೆ.ಜಿ. ಎತ್ತಿ ವಿಶ್ವದಾಖಲೆಯನ್ನೂ ಮಾಡಿದ್ದರು. ಸಣ್ಣ ಆಕಾರದ ಹೆಣ್ಣು ಭಾರಿ ತೂಕ ಎತ್ತುವುದು ಕಟ್ಟುಕಥೆ ಅಲ್ಲವೇ ಅಲ್ಲ. ಆದರೆ ಅವರ ತೊಡೆ ನೋಡಿ, ಹೆಗಲು ನೋಡಿ. ಬಲ ಎಲ್ಲಿದೆ ಅಂತ ಮೈಯೇ ಹೇಳುತ್ತದೆ.

ಮಾಂಗಾ ನಿಜದಿಂದ ದೂರ ಸರಿಯುವುದು ಈ ಜಾಗದಲ್ಲಿ. ಹೆಣ್ಣು ಬಲಶಾಲಿ ಆಗುವುದರಲ್ಲಿ ಆಶ್ಚರ್ಯವಿಲ್ಲ. ಬಲ ಬಂದರೂ ಮೈ ಹಾಗೇ ಇರುತ್ತದಲ್ಲ, ಆಶ್ಚರ್ಯ ಅದು. ಮಿತ್ಸುರಿಯ ಅಧಿಕೃತ ತೂಕ 56 ಕೆ.ಜಿ. ಸಾಮಾನ್ಯ ಹೆಣ್ಣಿನ ತೂಕದಲ್ಲಿ ಸುಮಾರು 30 ಶೇಕಡಾ ಸ್ನಾಯು ಅಂತ ಇಟ್ಟುಕೊಳ್ಳಿ. ಅಂದರೆ 17 ಕೆ.ಜಿ. ಎಂಟು ಪಟ್ಟು ಸಾಂದ್ರತೆ ಅನ್ನುವುದನ್ನು ಇದ್ದಂತೆಯೇ ತಗೊಂಡರೆ ಅದು 136 ಕೆ.ಜಿ. ಆಗುತ್ತದೆ. ಒಟ್ಟು ತೂಕ 175ರ ಹತ್ತಿರ ಹೋಗುತ್ತದೆ! ‘ಎಂಟು ಪಟ್ಟು’ ಅನ್ನುವುದು ವಿಜ್ಞಾನದ ಲೆಕ್ಕ ಅಲ್ಲ. ಮೈ ಕಟ್ಟುಮಸ್ತಾಗಿ ಬರೆಯದೆ ಬಲ ಕೊಡಲು ಹೂಡಿದ ಉಪಾಯ.

ಬಿಸ್ಕೆಟ್ ಬಚ್ಚಿಟ್ಟ ಮೈ

ಅದೇ ಕಥೆಯ ನಾಯಕ ತಂಜಿರೊ ಕತ್ತಿಯಿಂದ ದೊಡ್ಡ ಬಂಡೆಯನ್ನೇ ಸೀಳುತ್ತಾನೆ. ಅವನಿನ್ನೂ ಎಳೆ ಹುಡುಗ. ಅದು ಸಾಧ್ಯವಾ ಅಂತ ಯಾರೂ ಲೆಕ್ಕ ಹಾಕುವುದಿಲ್ಲ, ಅಲ್ವಾ? ಹೆಣ್ಣು ಅದೇ ಕೆಲಸ ಮಾಡಿದಾಗ ಮಾತ್ರ ವಾಸ್ತವ ನೆನಪಾಗುತ್ತದೆ. ಸ್ತ್ರೀವಾದಿ ಓದುಗರು ಎತ್ತುವ ಮೊದಲ ಆಕ್ಷೇಪ ಇದು. ನ್ಯಾಯವಾದದ್ದೇ.

ಆದರೆ ಅಲ್ಲಿಗೇ ನಿಲ್ಲಲಾಗುವುದಿಲ್ಲ. ಯಕ್ಷಗಾನದಲ್ಲಿ ವೇಷ ನೋಡಿದ ಕೂಡಲೇ ಪಾತ್ರದ ಸ್ವಭಾವ ತಿಳಿಯುತ್ತದೆ. ಶೂರ್ಪನಖಿಯಂಥ ಬಲದ ಹೆಣ್ಣಿಗೆ ಹೆಣ್ಣುಬಣ್ಣದ ಭಾರಿ ವೇಷ, ಸುಂದರಿಗೆ ನಾಜೂಕಿನ ಸ್ತ್ರೀವೇಷ, ಪ್ರಮೀಳೆಯಂಥ ವೀರವನಿತೆಗೆ ಇವೆರಡೂ ಅಲ್ಲದ ಕಸೆ ಸ್ತ್ರೀವೇಷ. ಮಾಂಗಾದಲ್ಲೂ ಇಂಥದೇ ಕಟ್ಟಳೆ ಇದೆ. ಹುಡುಗನಿಗೆ ಬಲ ಬಂದರೆ ಹೆಗಲು ಅಗಲ ಆಗುತ್ತದೆ, ಕುತ್ತಿಗೆ ದಪ್ಪ ಆಗುತ್ತದೆ. ಹುಡುಗಿಗೆ ಬಲ ಬಂದರೆ ತೆಳ್ಳಗಿನ ಸೊಂಟ ಹಾಗೇ ಉಳಿಯಬೇಕು. ದಪ್ಪ ತೋಳಿನ ಹೆಣ್ಣು ಬಹಳ ಕಾಲ ನಗಿಸಲಿಕ್ಕೆ ಇದ್ದಳು, ಇಲ್ಲವೇ ಹೆದರಿಸಲಿಕ್ಕೆ.

ಈ ಕಟ್ಟಳೆಯನ್ನು ಬಿಚ್ಚಿ ತೋರಿಸುವ ಪಾತ್ರ ಯೋಶಿಹಿರೊ ತೊಗಾಶಿ ಅವರ ‘ಹಂಟರ್ × ಹಂಟರ್’ನಲ್ಲಿದೆ. ಬಿಸ್ಕೆಟ್ ಕ್ರೂಗರ್ ನೋಡಲು ಗೊಂಬೆಯಂಥ ಹುಡುಗಿ. ವಯಸ್ಸು 57, ದೊಡ್ಡ ಗುರು. ನಿಜವಾದ ರೂಪ ಹೊರಬಂದಾಗ ಅವಳು ಎತ್ತರಕ್ಕೆ ಬೆಳೆದು ಮೈತುಂಬ ಸ್ನಾಯುಗಳ ಗುಡ್ಡ ಆಗುತ್ತಾಳೆ. ಚಿಕ್ಕ ಹುಡುಗಿಯ ರೂಪ ಅವಳೇ ಹಾಕಿಕೊಂಡ ಮುಸುಕು. ಆ ದೊಡ್ಡ ಮೈ ಅವಳಿಗೇ ಇಷ್ಟವಿಲ್ಲ, ಯಾರಿಗೂ ತೋರಿಸುವುದಿಲ್ಲ. ದೃಶ್ಯ ತಮಾಷೆಯಾಗಿ ಬರುತ್ತದೆ ನಿಜ. ಆದರೆ ಉಳಿದ ಮಾಂಗಾಗಳು ಸದ್ದಿಲ್ಲದೆ ಮಾಡುವುದನ್ನು ತೊಗಾಶಿ ಇಲ್ಲಿ ಪಾತ್ರದ ಕೈಯಲ್ಲೇ ಮಾಡಿಸಿದ್ದಾರೆ. ಬಲಕ್ಕೆ ತಕ್ಕ ಮೈ ಇದೆ, ಅದನ್ನು ಬಚ್ಚಿಡಬೇಕು.

ನೀಲಿ ಹೃದಯ ತೆಗೆದರೆ

ಹಿಂದಕ್ಕೆ ಹೋದರೆ ಮೊದಲು ಸಿಗುವ ದೊಡ್ಡ ಹೆಸರು ಒಸಾಮು ತೆಜುಕಾ. ಅವರ ‘ಪ್ರಿನ್ಸೆಸ್ ನೈಟ್’ 1953ರಲ್ಲಿ ಹುಡುಗಿಯರ ಪತ್ರಿಕೆಯೊಂದರಲ್ಲಿ ಶುರುವಾಯಿತು. ತೆಜುಕಾ ಬೆಳೆದ ತಕರಾಜುಕಾ ಊರಿನಲ್ಲಿ ಹೆಂಗಸರೇ ಗಂಡುಪಾತ್ರಗಳನ್ನೂ ಮಾಡುವ ಹೆಸರಾಂತ ನಾಟಕ ಮಂಡಳಿ ಇದೆ. ಅದರ ಗುರುತು ಈ ಕಥೆಯಲ್ಲಿ ಎದ್ದು ಕಾಣುತ್ತದೆ. ಗಂಡುಮಕ್ಕಳಿಗಷ್ಟೇ ಪಟ್ಟ ಸಿಗುವ ರಾಜ್ಯದಲ್ಲಿ ಸಫಾಯರ್ ರಾಜಕುಮಾರನ ವೇಷದಲ್ಲಿ ಬೆಳೆಯುತ್ತಾಳೆ. ದೇವದೂತನ ತುಂಟತನದಿಂದ ಅವಳಿಗೆ ಎರಡು ಹೃದಯ: ಹುಡುಗಿಯದೊಂದು, ಹುಡುಗನ ನೀಲಿ ಹೃದಯ ಇನ್ನೊಂದು. ನೀಲಿಯದನ್ನು ತೆಗೆದರೆ ಕತ್ತಿ ಹಿಡಿಯುವ ಬಲವೂ ಹೋಗುತ್ತದೆ. ಹೆಣ್ಣು ಹೋರಾಡಬಹುದು, ಆದರೆ ಆ ಬಲ ಗಂಡಿನಿಂದ ಎರವಲು ತಂದದ್ದು. 1953ರಲ್ಲಿ ಇದೇ ದೊಡ್ಡ ಹೆಜ್ಜೆಯಾಗಿತ್ತು ಅನ್ನುವುದನ್ನೂ ಮರೆಯಬಾರದು.

1970ರ ಹೊತ್ತಿಗೆ ಜಪಾನಿನಲ್ಲಿ ಮಹಿಳಾ ವಿಮೋಚನೆಯ ಚಳವಳಿ ಬೀದಿಗಿಳಿದಿತ್ತು. 1972ರಲ್ಲಿ ರಿಯೊಕೊ ಇಕೆದಾ ‘ರೋಸ್ ಆಫ್ ವರ್ಸೇಲ್ಸ್’ ಶುರು ಮಾಡಿದರು. ಅವರಿಗೆ ಆಗಿನ್ನೂ 24. ಕಥೆಯ ಆಸ್ಕರ್‌ಳನ್ನು ತಂದೆ ಮಗನಂತೆ ಬೆಳೆಸುತ್ತಾನೆ. ಅವಳು ಫ್ರೆಂಚ್ ರಾಣಿಯ ಕಾವಲುಪಡೆಯ ನಾಯಕಿ ಆಗುತ್ತಾಳೆ, ಕೊನೆಗೆ 1789ರ ಫ್ರೆಂಚ್ ಕ್ರಾಂತಿಯಲ್ಲಿ ಜನರ ಕಡೆ ಸೇರಿ ಬಾಸ್ಟೀಲ್ ಕೋಟೆಯ ಮುಂದೆ ಪ್ರಾಣ ಬಿಡುತ್ತಾಳೆ. ಅವಳಿಗೆ ಮಾಯದ ಹೃದಯ ಯಾವುದೂ ಇಲ್ಲ. ಹುಡುಗರಿಗೆ ಕೊಡುವ ತರಬೇತಿಯನ್ನು ಹುಡುಗಿಗೂ ಕೊಟ್ಟರು, ಅಷ್ಟೇ.

ಇನ್ನು ‘ಯವಾರಾ!’. ನಓಕಿ ಉರಸಾವಾ ಇದನ್ನು 1986ರಿಂದ 1993ರವರೆಗೆ ಸೇನೆನ್ ಪತ್ರಿಕೆಯೊಂದಕ್ಕೆ ಬರೆದರು. ಉದ್ಯೋಗದಲ್ಲಿ ಹೆಣ್ಣುಗಂಡಿಗೆ ಸಮಾನ ಅವಕಾಶ ಇರಬೇಕು ಅನ್ನುವ ಕಾನೂನು ಜಪಾನಿನಲ್ಲಿ ಜಾರಿಗೆ ಬಂದದ್ದೂ ಅದೇ 1986ರ ಏಪ್ರಿಲ್‌ನಲ್ಲಿ. ಕಥೆಯ ಹುಡುಗಿ ಜೂಡೊದಲ್ಲಿ ಅಸಾಮಾನ್ಯ ಪ್ರತಿಭೆ. ತಾತನಿಗೆ ಒಲಿಂಪಿಕ್ ಚಿನ್ನದ ಆಸೆ, ಅವಳಿಗೆ ಎಲ್ಲ ಹುಡುಗಿಯರ ಹಾಗೆ ಇರುವ ಆಸೆ. ಇಲ್ಲಿ ವಾಸ್ತವ ಗಟ್ಟಿಯಾಗಿದೆ, ಯಾಕಂದರೆ ಜೂಡೊ ಆಟವೇ ಹಾಗೆ. ಎದುರಾಳಿಯ ಸಮತೋಲ ಮೊದಲು ತಪ್ಪಿಸಬೇಕು. ಆ ಕ್ಷಣದಲ್ಲಿ ಕೆಳಗೆ ನುಗ್ಗಿ ಬೆನ್ನಿನ ಮೇಲೆ ಹೇರಿಕೊಂಡು ಎಸೆಯಬೇಕು. ಕುಳ್ಳಗಿರುವುದು ಅಲ್ಲಿ ಅನುಕೂಲವೇ ಆಗಬಹುದು. ಬೆಂಕಿ ಬಿರುಗಾಳಿ ಯಾವುದೂ ಬೇಡ.

ಕಥೆ ಇನ್ನೂ ನಡೆಯುತ್ತಿರುವಾಗಲೇ ರಿಯೊಕೊ ತಮುರಾ ಅನ್ನುವ ಹುಡುಗಿ ನಿಜವಾದ ಜೂಡೊದಲ್ಲಿ ಮೇಲೆ ಬಂದಳು. ಜನ ಅವಳನ್ನು ‘ಯವಾರಾ-ಚಾನ್’ ಅಂತ ಕರೆದರು. ಹೆಂಗಸರ ಜೂಡೊ ಒಲಿಂಪಿಕ್ಸ್‌ನಲ್ಲಿ ಪದಕದ ಆಟ ಆದದ್ದು 1992ರಲ್ಲಿ. ಅಂದಿನಿಂದ 2008ರವರೆಗೆ ಐದು ಒಲಿಂಪಿಕ್ಸ್‌ನಲ್ಲಿ ಆಕೆ ಗೆದ್ದದ್ದು ಎರಡು ಬೆಳ್ಳಿ, ಎರಡು ಚಿನ್ನ, ಒಂದು ಕಂಚು.

ಸ್ತ್ರೀವಾದ ಕೇಳುವ ಪ್ರಶ್ನೆಗಳು

ಜಪಾನಿನಲ್ಲಿ ಹೆಣ್ಣಿನ ದೇಹಬಲ ಬರಿ ಕಥೆಯ ವಿಷಯ ಅಲ್ಲ. ಕಾವೊರಿ ಇಚೊ ಕುಸ್ತಿಯಲ್ಲಿ ಸತತ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದ ದೇಶ ಅದು. ವೃತ್ತಿಪರ ಸುಮೋ ಅಖಾಡವನ್ನು ಹೆಂಗಸರು ತುಳಿಯಕೂಡದು ಅನ್ನುವ ಕಟ್ಟುಪಾಡು ಇರುವುದೂ ಅಲ್ಲೇ. 2018ರಲ್ಲಿ ಮೈಜುರು ಊರಿನ ಮೇಯರ್ ಸುಮೋ ಅಖಾಡದಲ್ಲಿ ಭಾಷಣ ಮಾಡುತ್ತಾ ಕುಸಿದರು. ಅವರ ಜೀವ ಉಳಿಸಲು ಮೇಲೆ ಹತ್ತಿದ ಹೆಂಗಸರಿಗೆ ಕೆಳಗಿಳಿಯಿರಿ ಅಂತ ಮೈಕಿನಲ್ಲಿ ಕೂಗಿದ್ದರು. ಆಮೇಲೆ ಸುಮೋ ಸಂಘದ ಮುಖ್ಯಸ್ಥರು ಕ್ಷಮೆ ಕೇಳಿದರು. ಕಟ್ಟುಪಾಡು ಮಾತ್ರ ಉಳಿಯಿತು.

ಹೀಗಿರುವಾಗ ಕತ್ತಿ ಹಿಡಿದ ಹುಡುಗಿಯ ಚಿತ್ರವೇ ಒಂದು ಗೆಲುವು ಅನ್ನುತ್ತಾರೆ ಕೆಲವರು. ಓದುವ ಹುಡುಗಿಗೆ ತನ್ನ ಮೈಯಿಂದ ಏನೇನು ಆಗಬಹುದು ಅನ್ನುವ ಕಲ್ಪನೆ ಹಿಗ್ಗುತ್ತದೆ. ಇನ್ನು ಕೆಲವರು ಒಪ್ಪುವುದಿಲ್ಲ. ಗಂಡಿನ ಹೊಡೆದಾಟಕ್ಕೆ ಹೆಣ್ಣಿನ ಮುಖ ಅಂಟಿಸಿದರೆ ಬಲದ ಅರ್ಥ ಬದಲಾಗುತ್ತದೆಯೇ ಅನ್ನುವುದು ಅವರ ಪ್ರಶ್ನೆ. ಚಿತ್ರ ಯಾರ ಕಣ್ಣಿಂದ ನೋಡುತ್ತದೆ ಅಂತ ಕೇಳುವವರೂ ಇದ್ದಾರೆ. ಏಟು ಕೊಡುವಾಗ ಚೌಕಟ್ಟಿನ ನಡುವೆ ಅವಳ ಮುಷ್ಟಿ ಇದೆಯಾ, ಲಂಗ ಇದೆಯಾ?

ಇನ್ನೊಂದು ಪ್ರಶ್ನೆ ಕಥೆಯ ನಡೆಯ ಬಗ್ಗೆ. ಶೋನೆನ್‌ನಲ್ಲಿ ಹೆಣ್ಣನ್ನು ಮೊದಲು ಭಾರಿ ಬಲಶಾಲಿ ಅಂತ ಪರಿಚಯಿಸಿ, ನಿರ್ಣಾಯಕ ಕಾಳಗ ಬಂದಾಗ ಪಕ್ಕಕ್ಕೆ ಕೂರಿಸುವ ಅಭ್ಯಾಸ ಹಳೆಯದು. ನಾಯಕ ಬಂದು ಕಾಪಾಡಬೇಕಲ್ಲ. ಬಲ ಇದ್ದೂ ಅದನ್ನು ಬಳಸುವ ತೀರ್ಮಾನ ಅವಳದಲ್ಲ ಅಂದರೆ ಸ್ತ್ರೀವಾದಿಗಳಿಗೆ ಅದು ಅರ್ಧ ಕೆಲಸ. ಆ ಲೆಕ್ಕದಲ್ಲಿ ಕತ್ತು ಕತ್ತರಿಸಲಾಗದ ಶಿನೊಬು ಮಿತ್ಸುರಿಗಿಂತ ಮುಂದಿದ್ದಾಳೆ ಅಂತ ವಾದಿಸಬಹುದು. ಅವಳ ಯುದ್ಧದ ಯೋಜನೆ ಪೂರ್ತಿ ಅವಳದೇ.

ಸ್ನಾಯು ಕಾಣಿಸತೊಡಗಿದೆ

ಈಚೆಗೆ ಮೈ ಬದಲಾಗುತ್ತಿದೆ. ಹಜಿಮೆ ಇಸಾಯಮಾ ಅವರ ‘ಅಟ್ಯಾಕ್ ಆನ್ ಟೈಟನ್’ 2009ರಿಂದ 2021ರವರೆಗೆ ಬಂತು. ಅದರ ಮಿಕಾಸಾಳ ಎತ್ತರ 170 ಸೆಂ.ಮೀ., ತೂಕ 68 ಕೆ.ಜಿ. ಅಷ್ಟೇ ಎತ್ತರದ ನಾಯಕ ಎರೆನ್ 63 ಕೆ.ಜಿ. ಹುಡುಗಿ ಹುಡುಗನಿಗಿಂತ ಭಾರ ಅಂತ ಬರೆದುಕೊಟ್ಟದ್ದೇ ಅಪರೂಪ. ಹೊಟ್ಟೆಯ ಮೇಲೆ ಸ್ನಾಯುಗಳ ಗೆರೆಗಳೂ ಕಾಣುತ್ತವೆ. ಆದರೂ ಅವಳ ಬಲಕ್ಕೆ ಕೊನೆಯ ಕಾರಣ ವಂಶದ ರಕ್ತ. ಅವಳ ಬದುಕೆಲ್ಲ ಎರೆನ್ ಸುತ್ತಲೇ ತಿರುಗುತ್ತದೆ ಅನ್ನುವ ದೂರೂ ಇದೆ.

ಗೆಗೆ ಅಕುತಾಮಿ ಅವರ ‘ಜುಜುತ್ಸು ಕೈಸೆನ್’ನ ಮಾಕಿ ಇನ್ನೂ ಮುಂದೆ ಹೋಗುತ್ತಾಳೆ. ಮಂತ್ರಶಕ್ತಿಯೇ ಮರ್ಯಾದೆ ಅನ್ನುವ ಮನೆತನದಲ್ಲಿ ಅದು ಹೆಚ್ಚುಕಮ್ಮಿ ಇಲ್ಲದೆಯೇ ಹುಟ್ಟಿದವಳು, ಮೇಲಾಗಿ ಹೆಣ್ಣು. ಅದಕ್ಕೆ ಬದಲಾಗಿ ಸಿಕ್ಕಿದ್ದು ಮೈಬಲ. ಅದು ಪೂರ್ತಿ ಕೈಗೆ ಬರುವುದು ಅವಳಿ ತಂಗಿಯನ್ನು ಕಳೆದುಕೊಂಡ ಮೇಲೆ. ಸುಟ್ಟ ಗಾಯದ ಗುರುತುಗಳು ಮುಖದ ಮೇಲೇ ಉಳಿಯುತ್ತವೆ. ಬಲ ಬಂದ ಮೇಲೂ ಚಂದ ಕೆಡಬಾರದು ಅನ್ನುವ ಹಳೆಯ ನಿಯಮ ಇಲ್ಲಿ ನಡೆಯಲಿಲ್ಲ.

ಇವರೆಲ್ಲರಿಗಿಂತ ಬೇರೆ ಜಾತಿಯ ಗಟ್ಟಿಗಿತ್ತಿಯರು ಬೇಕಿದ್ದರೆ ಹಿರೊಮು ಅರಕಾವಾ ಅವರನ್ನು ಓದಬೇಕು. ಉತ್ತರ ಜಪಾನಿನ ಹೊಕ್ಕೈಡೊದ ಹೈನುಗಾರಿಕೆ ಮನೆಯಲ್ಲಿ ಹುಟ್ಟಿ, ಶಾಲೆ ಮುಗಿದ ಮೇಲೂ ಏಳು ವರ್ಷ ಅಲ್ಲೇ ದುಡಿದು, ಆಮೇಲೆ ಟೋಕಿಯೊಗೆ ಹೋದ ಹೆಣ್ಣುಮಗಳು. ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ 2001ರಿಂದ 2010ರವರೆಗೆ ಶೋನೆನ್ ಪತ್ರಿಕೆಯಲ್ಲೇ ಬಂತು. ಅದರಲ್ಲಿ ಇಜುಮಿ ಕರ್ಟಿಸ್ ಅಂತ ಒಬ್ಬ ಗುರು. ದೈತ್ಯರನ್ನು ಎತ್ತಿ ಬಿಸಾಡುತ್ತಾಳೆ, ನಡುವೆಯೇ ರಕ್ತ ಕಾರುತ್ತಾಳೆ. ಸತ್ತ ಮಗುವನ್ನು ಬದುಕಿಸಲು ಹೋಗಿ ಒಳಗಿನ ಅಂಗಗಳನ್ನು ಕಳೆದುಕೊಂಡವಳು ಅವಳು. ಯಾರು ನೀನು ಅಂತ ಕೇಳಿದರೆ, ಸುಮ್ನೆ ಈ ಕಡೆ ಬಂದಿದ್ದ ಗೃಹಿಣಿ ಅನ್ನುತ್ತಾಳೆ.

ಅದು ಮುಗಿದ ಮೇಲೆ ಅರಕಾವಾ ಕೃಷಿ ಶಾಲೆಯೊಂದರ ಕಥೆಯಾಗಿ ‘ಸಿಲ್ವರ್ ಸ್ಪೂನ್’ ಬರೆದರು. ಅಲ್ಲಿ ರಾಕ್ಷಸರಿಲ್ಲ, ಕತ್ತಿಗಳಿಲ್ಲ. ಅಕಿ ಮಿಕಾಗೆ ಅನ್ನುವ ಹುಡುಗಿಗೆ ನಸುಕಿನ ಕೊಟ್ಟಿಗೆ ಕೆಲಸ ಮಾಮೂಲು. ಸಪ್ಪೊರೊ ನಗರದಿಂದ ಬಂದ ನಾಯಕ ಹಚಿಕೆನ್ ಅವಳ ಹಿಂದೆ ಏದುಸಿರು ಬಿಡುತ್ತಾನೆ. ಅವಳಿಗೆ ಅಷ್ಟು ಕಸುವು ಎಲ್ಲಿಂದ ಬಂತು ಅಂತ ಕಥೆಯಲ್ಲಿ ಯಾರೂ ಕೇಳುವುದಿಲ್ಲ.